ಅಮ್ಮನ ಮಾತಿಗೆ ಬಿಟ್ಟ ಜಾಗ

12ನೇ ತಾರೀಖು, ಮಂಗಳವಾರ

ಪ್ರೀತಿಯ ಅಮ್ಮ,

ನನ್ನ ನಾಟಕ ಆಡುತ್ತಾರಂತೆ, ನಾನು ಬರೆದದ್ದನ್ನು, ನಿಜವಾದ ರಂಗದ ಮೇಲೆ! ಮೊದಲು ನಿನ್ನ ಕ್ಷೇಮ ಕೇಳಬೇಕಿತ್ತು, ತಡವಾಗಿದ್ದಕ್ಕೆ ಕ್ಷಮೆಯನ್ನೂ ಕೇಳಬೇಕಿತ್ತು. ಎರಡನ್ನೂ ಕೇಳಿದೆ ಎಂದುಕೋ. ಹಳೆಯ ಪತ್ರಗಳಿಗೆ ನಿನ್ನ ಉತ್ತರ ಬಂದ ಮೇಲೆ ಬರೆಯೋಣ ಎಂದು ಕಾದೆ. ಸುದ್ದಿ ಹೊಟ್ಟೆಯಲ್ಲಿ ನಿಲ್ಲಲಿಲ್ಲ.

ಆದರೆ ನಾಟಕ ತಂಡದ ಮೇಷ್ಟ್ರು ನನ್ನ ಪ್ರತಿಯನ್ನು ಕೈಗೇ ವಾಪಸು ಕೊಟ್ಟರು. "ಏನಮ್ಮಾ, ಇದು ನಾಟಕನೋ ಕಾದಂಬರಿನೋ? ಬ್ರಾಕೆಟ್‌ನಲ್ಲಿ 'ಅವಳಿಗೆ ಬಾಲ್ಯ ನೆನಪಾಯಿತು' ಅಂತ ಬರ್ದಿದ್ದೀಯ. ಹಿಂದಿನ ಸೀಟಲ್ಲಿ ಕೂತೋನಿಗೆ ಅದು ಹೇಗಪ್ಪ ಕಾಣತ್ತೆ? ಕಾಣೋದು, ಕೇಳೋದು, ಅಷ್ಟೇ ಬರಿ" ಎಂದರು. ಪಾತ್ರದ ಹೆಸರು ಒಂದು ಕಡೆ, ಮಾತು ಅದರ ಮುಂದೆ, ನಡೆದಾಟ ಬ್ರಾಕೆಟ್ಟಿನಲ್ಲಿ, ಪ್ರತಿ ದೃಶ್ಯಕ್ಕೂ ಹೊಸ ಪುಟ. ಎಡ ಎಂದರೆ ನಟರ ಎಡವಂತೆ, ನೋಡುವವರದ್ದಲ್ಲ. ಮೊದಲು ಇದು ತಿಳಿಯದೆ ಬರೆದು, ಆಮೇಲೆ ಅರ್ಧ ಮಾತ್ರ ತಿದ್ದಿದ್ದೆ, ಹಾಗಾಗಿ ಬಾಗಿಲು ಒಂದು ಕಡೆ ಉಳಿದು ಮಗಳು ಗೋಡೆಯೊಳಗಿಂದ ಮನೆಗೆ ಬರುತ್ತಿದ್ದಳು. ತಲೆ ಗಿರ್ ಎಂದಿದೆ ಅಮ್ಮ. ಈಗ ಅಡುಗೆಮನೆಯಲ್ಲೂ ಹಾಗೆಯೇ ಯೋಚಿಸುತ್ತೇನೆ: (ಹಾಲು ಉಕ್ಕುತ್ತದೆ. ಹೆಂಡತಿ ಓಡುತ್ತಾಳೆ.)

ಟೈಪ್ ಮಾಡಿದ್ದು ನಿನ್ನ ಅಳಿಯ. ಮುದ್ರಣದ ಕೆಲಸದವರಲ್ಲವೇ, ಖಾಲಿ ಜಾಗ ಕಂಡರೆ ಇವರ ಕೈ ಸುಮ್ಮನಿರದು. ಲಗ್ನಪತ್ರಿಕೆಯ ಮೂಲೆಗೂ ಒಂದು ಹೂವು ಕೂರಿಸಿಬಿಡುತ್ತಾರೆ. ನಾಟಕದ ಕೊನೆಯಲ್ಲಿ, ತನ್ನಿಷ್ಟದಂತೆ ಮದುವೆಯಾದ ಮಗಳು ತವರಿನ ಬಾಗಿಲು ತಟ್ಟುತ್ತಾಳೆ. ತಾಯಿ ಬಾಗಿಲು ತೆಗೆಯುತ್ತಾಳೆ. 'ಅಮ್ಮ:' ಎಂದು ಬರೆದು ಮುಂದೆ ಖಾಲಿ ಬಿಟ್ಟಿದ್ದೆ. ಇವರು ನಾನು ಮರೆತೆನೆಂದುಕೊಂಡು 'ಒಳಗೆ ಬಾ, ಊಟ ಆಯ್ತಾ?' ಎಂದು ತುಂಬಿಸಿಬಿಟ್ಟರು.

ನಿನ್ನೆ ತಂಡದವರೆಲ್ಲ ಕೂತು ನಾಟಕ ಓದುವಾಗ, ತಾಯಿಯ ಪಾತ್ರದವರು ಆ ಸಾಲನ್ನು ತಾವಾಗಿಯೇ ಎರಡು ಸಲ ಓದಿದರು. ಮೇಷ್ಟ್ರು "ಇಡೀ ನಾಟಕದಲ್ಲಿ ಇದೊಂದೇ ಸಾಲು ಅಪ್ಪಟ" ಎಂದರು. ನನ್ನ ಜೊತೆ ಬಂದಿದ್ದ ಇವರು ಬಿಲ ಹುಡುಕುವ ಇಲಿಯಂತೆ ನನ್ನತ್ತ ನೋಡಿದರು. ಮನೆಗೆ ಬಂದು ಜಗಳವಾಡಿದೆ.

"ಸುಳ್ಳು ಅದು, ಯಾಕೆ ಬರ್ದ್ರಿ?"

"ಅಮ್ಮಂದಿರು ಇನ್ನೇನೇ ಹೇಳ್ತಾರೆ?"

ಮುಂದಿನ ಸೋಮವಾರ ಕೊನೆಯ ಪ್ರತಿ ಕೊಡಬೇಕು. ಆ ಸಾಲು ಉಳಿಸಲೋ, ಅಳಿಸಲೋ?

ಅಪ್ಪನಿಗೆ ನಮಸ್ಕಾರ ಹೇಳು. ನಿನ್ನ ಕೈ ನನ್ನ ತಲೆಯ ಮೇಲಿದೆ ಎಂದೇ ತಿಳಿದುಕೊಂಡಿದ್ದೇನೆ.

ನಿನ್ನ
ಗುಬ್ಬಿ

ತಾ.ಕ.: ಮದುವೆಗೆ ನೀನು ಬರಲಿಲ್ಲ. ಅಂದಿನಿಂದ ಒಂದು ಮಾತೂ ಇಲ್ಲ. ಅಪ್ಪ ಫೋನಿನಲ್ಲಿ "ಅಮ್ಮ ಆರಾಮಾಗಿದಾಳೆ" ಎನ್ನುವಾಗ ಹಿಂದಿನಿಂದ ಪಾತ್ರೆ ಸದ್ದು ಮಾತ್ರ ಕೇಳುತ್ತದೆ. ನಾಟಕದ ಆ ಖಾಲಿ ಜಾಗವನ್ನು ನಾನು ಮರೆತು ಬಿಟ್ಟಿದ್ದಲ್ಲ ಅಮ್ಮ. ನೀನು ಏನು ಹೇಳುತ್ತೀಯೋ ನನಗೆ ಗೊತ್ತಿರಲಿಲ್ಲ. ಇವರ ಸಾಲನ್ನು ಸದ್ಯಕ್ಕೆ ಅಳಿಸಿದ್ದೇನೆ. ಬಾಗಿಲು ತೆಗೆದು ನೀನು ಏನು ಹೇಳಿದರೂ ಅದನ್ನೇ ಬರೆಯುತ್ತೇನೆ. ಬೈದರೆ ಬೈಗುಳ, ಸುಮ್ಮನಿದ್ದರೆ ಮೌನ. ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತೇನೆ.