ಅಪ್ಪನ ದೂಪೆಗೆ ನೆರಳಿನ ಗಿಡಗಳು

ಕೊಕ್ಕಡ,
ಆಗಸ್ಟ್ ೮, ೨೦೨೫, ಶುಕ್ರವಾರ

ಪ್ರೀತಿಯ ಅಮ್ಮಾ,

ನಿನ್ನ ಮೊಣಕಾಲು ಹೇಗುಂಟು? ಚಾರ್ಮಾಡಿಯಲ್ಲಿ ಈಗ ಬಟ್ಟೆ ಕೂಡ ಒಣಗಲಿಕ್ಕಿಲ್ಲ, ಆ ತಂಡಿಗೆ ನೋವು ಜಾಸ್ತಿಯಾಗಿರಬಹುದು. ಸುಬ್ಬಪ್ಪ ಮಾವನ ಮನೆಯ ಹಿಂದಿನ ಮೆಟ್ಟಿಲು ಪಾಚಿ ಹಿಡಿದಿರುತ್ತದೆ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿದುಕೋ. ಬಿ.ಪಿ. ಮಾತ್ರೆ ಇದರ ಜೊತೆ ಕಳಿಸಿದ್ದೇನೆ. ಉಳಿತಾಯ ಮಾಡುವೆನೆಂದು ಅರ್ಧ ಮಾಡಿ ನುಂಗಬೇಡ. ಮೋಕ್ಷಿತಾ ಹಾಸ್ಟೆಲಿನಿಂದ ಕಳೆದ ವಾರ ಬಂದಿದ್ದಳು. ನಾನು ಮಾಡಿದ ಪತ್ರೊಡೆ ಬಾಯಿಗಿಟ್ಟು, "ಅಮ್ಮಾ, ಇದು ಪತ್ರೊಡೆಯಾ, ನಿನ್ನ ಕ್ಲಾಸಿನ ಪಾಠವಾ? ನುಂಗಲಿಕ್ಕೇ ಆಗುದಿಲ್ಲ" ಎಂದಳು. ಆಟಿ ತಿಂಗಳಲ್ಲಿ ತವರಿಗೆ ಹೋಗಿ ಕೂರುವುದು ಹೊಸದಾಗಿ ಮದುವೆಯಾದ ಹುಡುಗಿಯರು, ಅಜ್ಜಿಗೆ ಅದನ್ನು ಯಾರಾದರೂ ನೆನಪು ಮಾಡಿ ಎಂದು ಹೇಳಿ ಬಸ್ಸು ಹತ್ತಿದಳು. ನಾನು ಹೇಳದಿದ್ದರೆ ಅವಳೇ ಫೋನ್ ಮಾಡಿ ಹೇಳುತ್ತಾಳೆ, ಆದ್ದರಿಂದ ಬರೆದಿದ್ದೇನೆ.

ಇದನ್ನೆಲ್ಲ ನಾನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀ, ಮಾವನ ಮನೆಯವರೆಲ್ಲ ಸುತ್ತ ಕೂರುತ್ತಾರೆ, ನಾನು ವಿಷಯಕ್ಕೆ ಬರುವ ಹೊತ್ತಿಗೆ "ಆಯ್ತು ಆಯ್ತು, ಇಡ್ತೇನೆ" ಅನ್ನುತ್ತೀ. ಪತ್ರವನ್ನಾದರೆ ನೀನು ಕೊನೆಯವರೆಗೆ ಓದುತ್ತೀ ಎಂಬ ನಂಬಿಕೆ ನನಗುಂಟು. ಇಂಗ್ಲಿಷ್ ಮೀಡಿಯಂನವಳ ಕನ್ನಡ, ತಪ್ಪಿದ್ದರೆ ತಿದ್ದಿಕೊಂಡು ಓದು.

ವಿಷಯ ಇಷ್ಟೇ. ಅಪ್ಪನ ದೂಪೆಯಲ್ಲಿ ನಾನು ಗಿಡ ನೆಟ್ಟಿದ್ದೇನೆ. ತುಳಸಿ ಅಲ್ಲ.

ಸಿಟ್ಟು ಮಾಡಿ ಪತ್ರ ಮಡಚಬೇಡ. ಜನವರಿಯಲ್ಲಿ ಅಪ್ಪನನ್ನು ಸುಟ್ಟ ಜಾಗದಲ್ಲಿ ಮಣ್ಣು ಏರಿಸಿ ದೂಪೆ ಮಾಡಿ, ಬೊಜ್ಜದ ಕ್ರಿಯೆಯ ದಿನ ಅದರ ನೆತ್ತಿಗೆ ತುಳಸಿ ನೆಟ್ಟೆವಲ್ಲ, ಅದು ಮೊದಲು ಹೇಗೆ ಚಿಗುರಿತೆಂದು ನಿನಗೆ ಗೊತ್ತು. ಬೆಳಿಗ್ಗೆ ಎದ್ದ ಕೂಡಲೇ ನೀನು ತಂಬಿಗೆ ಹಿಡಿದು ಅಲ್ಲಿಗೆ ಹೋಗುತ್ತಿದ್ದೆ, ಅಡುಗೆಮನೆಯ ಸುದ್ದಿಯನ್ನೆಲ್ಲ ಅದಕ್ಕೆ ಹೇಳಿ ಬರುತ್ತಿದ್ದೆ. ಮಾರ್ಚ್ ಮೊದಲಿಗೆ ಮೋಕ್ಷಿತಾಳ ನೃತ್ಯ ನೋಡಲು ನಾವು ಮೂಡುಬಿದಿರೆಗೆ ಹೋದೆವು. ಅವಳು ತನ್ನ ಜಡೆಯ ಅಬ್ಬಲಿಗೆ ಮಾಲೆಯಿಂದ ಗೇಣುದ್ದ ತುಂಡು ಮಾಡಿ ನಿನ್ನ ತುರುಬಿಗೆ ಸಿಕ್ಕಿಸಿದಳು. ನೀನು ಬೇಡ ಬೇಡ ಎಂದೆ, ಆದರೆ ತೆಗೆಯಲಿಲ್ಲ. ಮನೆಗೆ ಬಂದ ವಾರದಲ್ಲೇ ತುಳಸಿ ಎಲೆ ಉದುರಿಸಿತು. ಅದೇ ಹೊತ್ತಿಗೆ ದಮಯಂತಿ ಅತ್ತೆ ಬರಬೇಕೆ! ತಮ್ಮನ ದೂಪೆಯ ಮುಂದೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಹೂ ಮುಡಿದುಕೊಂಡು ಮೂಡುಬಿದಿರೆ ಸುತ್ತಿದ್ರೆ ಅವನಿಗೆ ಸಮಾಧಾನ ಆಗ್ತದಾ ಮಾರಾಯ್ತಿ?" ಎಂದರು. ಆಮೇಲೆ ಎರಡನೆಯ ತುಳಸಿ ಒಣಗಿತು, ಜೂನಿನಲ್ಲಿ ಮೂರನೆಯದು ಬುಡದಲ್ಲೇ ಕೊಳೆಯಿತು. "ನಾನು ಈ ಮನೆಯಲ್ಲಿರುವುದು ಅವರಿಗೆ ಬೇಡ" ಎಂದು ನೀನು ಚೀಲ ಕಟ್ಟಿದೆ. ನಾನು ಗೇಟಿನವರೆಗೆ ನಿನ್ನ ಚೀಲ ಹೊತ್ತು ತಂದೆ. ಗಿಡ ಯಾಕೆ ಸಾಯುತ್ತದೆಂದು ಆಗ ನನಗೂ ಗೊತ್ತಿರಲಿಲ್ಲ.

ಈಗ ಗೊತ್ತುಂಟು. ಹೋದ ತಿಂಗಳು ಒಂದು ಭಾನುವಾರ ಫೋನಿನಲ್ಲಿ ತುಂಬಿದ ಫೋಟೋ ಅಳಿಸುತ್ತಾ ಕೂತಿದ್ದೆ. ಬೊಜ್ಜದ ದಿನ ಮೋಕ್ಷಿತಾ ತೆಗೆದ ಒಂದು ಸಿಕ್ಕಿತು. ನಾವೆಲ್ಲ ದೂಪೆಯ ಸುತ್ತ ನಿಂತಿದ್ದೇವೆ, ಅತ್ತೆ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಸೆರಗನ್ನು ತಲೆಗೆ ಹಾಕಿಕೊಂಡಿದ್ದಾರೆ, ನಮ್ಮೆಲ್ಲರ ನೆರಳು ನೆಲದ ಮೇಲೆ ಕಪ್ಪಗೆ ಬಿದ್ದಿದೆ. ಹಿಂದೆ ಬೇಲಿಯಾಚೆ ಶುಕೂರ್ ಬ್ಯಾರಿಯವರ ರಬ್ಬರ್ ಮರಗಳು ಹಿಡಿಸೂಡಿಯ ಕಡ್ಡಿ ನೆಟ್ಟ ಹಾಗೆ ಬೋಳು. ನಾನು ಫೋನ್ ಹಿಡಿದುಕೊಂಡೇ ಕೊಡೆ ಬಿಡಿಸಿ ಅಲ್ಲಿಗೆ ಹೋದೆ. ತಲೆಯ ಮೇಲೆ ಆಕಾಶವೇ ಇಲ್ಲ, ಎರಡು ಕಡೆಯ ಕೊಂಬೆಗಳು ಚಪ್ಪರದ ಹಾಗೆ ಮುಚ್ಚಿವೆ, ಮೂರನೆಯ ಕಡೆ ಗುಡ್ಡ. ಮಳೆ ಬಿಟ್ಟು ಬಿಸಿಲು ಬಂದ ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಹೋಗಿ ನೋಡಿದೆ. ಅಂಗಳದಲ್ಲಿ ಕಣ್ಣು ಕುಕ್ಕುವಾಗಲೂ ಅಲ್ಲಿಗೆ ಬಿಸಿಲು ತಲುಪುವುದಿಲ್ಲ. ಅಮ್ಮಾ, ರಬ್ಬರ್ ಎಲೆ ಉದುರಿಸುವ ಕಾಲದಲ್ಲಿ ನಾವು ಅಪ್ಪನಿಗೆ ಜಾಗ ನೋಡಿದೆವು. ಮಾರ್ಚಿಗೆ ಎಲೆ ತುಂಬಿತು, ತುಳಸಿಗೆ ಬಿಸಿಲು ತಪ್ಪಿತು. ಅದು ಸೊರಗಿದ್ದು ಕಂಡು ನೀನು ಒಂದು ತಂಬಿಗೆಯ ಬದಲು ಎರಡು ತಂಬಿಗೆ ಹೊಯ್ದೆ. ನೆರಳಿನಲ್ಲಿ ನೀರು ನಿಂತರೆ ತುಳಸಿ ಬದುಕುವುದಿಲ್ಲ. ನಿನ್ನ ಹೂವಿಗೂ ಅದಕ್ಕೂ ಸಂಬಂಧವಿಲ್ಲ. ನೀನು ತಲೆ ಬೋಳಿಸಿಕೊಂಡು ಕೂತಿದ್ದರೂ ಅದು ಸಾಯುತ್ತಿತ್ತು.

ಇದು ನನ್ನ ಓದಿದ ತಲೆಯ ಜಂಬವೋ ಎಂದು ನನ್ನನ್ನೇ ಕೇಳಿಕೊಂಡೆ. ಏಕೆಂದರೆ ಫೆಬ್ರವರಿಯಲ್ಲಿ ಆ ತುಳಸಿ ಕದಿರು ಬಿಟ್ಟಾಗ, "ನೋಡು, ಅಜ್ಜ ಖುಷಿಯಲ್ಲಿದ್ದಾರೆ" ಎಂದು ಮೋಕ್ಷಿತಾಳಿಗೆ ಹೇಳಿದವಳು ನಾನೇ. ಚಿಗುರಿದರೆ ಅಪ್ಪನ ಆಶೀರ್ವಾದ, ಒಣಗಿದರೆ ಬರೀ ನೆರಳು ಎಂದರೆ ನ್ಯಾಯವಾಗುವುದಿಲ್ಲ. ಹಾಗಾಗಿ ಎರಡನ್ನೂ ಬಿಟ್ಟೆ. ಅಪ್ಪ ಬದುಕಿದ್ದಾಗ ಸಿಟ್ಟು ಬಂದರೆ ಊಟದ ಮಣೆಯಿಂದಲೇ ಹೇಳುತ್ತಿದ್ದರು, ಇಡೀ ಕೊಕ್ಕಡಕ್ಕೆ ಕೇಳುತ್ತಿತ್ತು. ಒಂದು ಗಿಡದ ಎಲೆ ಉದುರಿಸಿ ತಿಳಿಸುವ ಜಾತಿಯವರಲ್ಲ ಅವರು.

ಶುಕೂರ್ ಬ್ಯಾರಿಯವರಿಗೆ ಹೇಳಿದೆ. ಪಾಪ, ತಮ್ಮ ಮರದಿಂದ ಇಷ್ಟೆಲ್ಲ ಆಯಿತೆಂದು ತುಂಬಾ ಬೇಸರ ಮಾಡಿಕೊಂಡರು. "ನಾಲ್ಕು ಗೆಲ್ಲು ಕಡಿದು ಕೊಡುವ ಟೀಚರ್, ಗೌಡ್ರ ದೂಪೆಗಿಂತ ದೊಡ್ಡದಾ ನಮಗೆ ರಬ್ಬರು?" ಎಂದರು. ನಾನು ಒಂದು ರಾತ್ರಿ ಯೋಚಿಸಿ ಬೇಡ ಎಂದೆ. ಕಡಿದ ಗೆಲ್ಲು ಮತ್ತೆ ಬರುತ್ತದೆ, ಅದು ಬರುವಾಗ ನಿನ್ನ ಭಯವೂ ಮತ್ತೆ ಬರುತ್ತದೆ. ನೆರಳನ್ನು ಓಡಿಸುವುದಲ್ಲ, ನೆರಳಿಗೆ ಒಗ್ಗುವ ಗಿಡ ಹುಡುಕುವುದು ಎಂದು ತೀರ್ಮಾನ ಮಾಡಿದೆ.

ಬಂಟ್ವಾಳಕ್ಕೆ ಪೇಪರ್ ತಿದ್ದಲು ಹೋದ ದಿನ ಬರುವ ದಾರಿಯಲ್ಲಿ ಪುಂಜಾಲಕಟ್ಟೆಯಲ್ಲಿಳಿದು ರಸ್ತೆ ಬದಿಯ ನರ್ಸರಿಗೆ ಹೋದೆ. ರಿಫಾ ಎಂಬ ಹುಡುಗಿ ನೋಡಿಕೊಳ್ಳುತ್ತಾಳೆ, ಬಹಳ ಮಾತು. ನೆರಳಿಗೆ ಎಂದ ಕೂಡಲೇ, "ಸಿಟೌಟಿಗಾ ಟೀಚರ್? ಕೆಲಾಡಿಯಂ ತಕೊಳ್ಳಿ, ನೋಡಿದವರೆಲ್ಲ ಕೇಳ್ತಾರೆ" ಎಂದು ಕೆಸುವಿನೆಲೆಗೆ ಕುಂಕುಮ ಎರಚಿದಂಥ ಗಿಡ ಎತ್ತಿ ಕೊಟ್ಟಳು. ಚಂದ ಇತ್ತು, ಆಸೆಯೂ ಆಯಿತು. ಆದರೆ ದೀಪಾವಳಿ ಕಳೆದ ಮೇಲೆ ಅದರ ಎಲೆಯೆಲ್ಲ ಬಾಡಿ ಗೆಡ್ಡೆ ನೆಲದೊಳಗೆ ಮಲಗುತ್ತದಂತೆ. ಗಿಡ ಸತ್ತಿಲ್ಲ, ಮಲಗಿದೆ ಎಂದು ದಮಯಂತಿ ಅತ್ತೆಗೆ ಯಾರು ಹೇಳುವುದು? ವಾಪಸು ಇಟ್ಟೆ. ಗೌರಿಹೂವೂ ಬೇಡ ಎಂದೆ, ಹೂ ಬಿಟ್ಟು ಮುಗಿದ ಕೂಡಲೇ ಬುಡ ಸಮೇತ ಹೋಗುತ್ತದೆ. ಕ್ರೋಟನ್ ನೆರಳಿನಲ್ಲಿ ಬಣ್ಣ ಕಳೆದುಕೊಳ್ಳುತ್ತದೆ, ಅದಕ್ಕೂ ಏನಾದರೊಂದು ಅರ್ಥ ಹಚ್ಚುತ್ತಾರೆ. ನಾನು ಒಂದೊಂದನ್ನೇ ಬೇಡ ಎನ್ನುವುದು ನೋಡಿ ರಿಫಾ ಸೊಂಟಕ್ಕೆ ಕೈ ಕೊಟ್ಟು, "ಸಾಯದೇ ಇರುವ ಗಿಡ ನಮ್ಮಲ್ಲಿಲ್ಲ ಟೀಚರ್, ಪ್ಲಾಸ್ಟಿಕ್ಕಿನದ್ದು ಬೇಕಾದ್ರೆ ಬೆಳ್ತಂಗಡಿಯಲ್ಲುಂಟು" ಎಂದಳು. ನಗು ಬಂತು. ಆಮೇಲೆ, ನಮ್ಮ ಅಪ್ಪನ ದೂಪೆಗೆ ಎಂದು ಹೇಳಿದೆ. ಅವಳು ಕೈ ಇಳಿಸಿ, ದನಿ ಇಳಿಸಿ, "ಅವರಿಗೆ ಯಾವ ಬಣ್ಣ ಇಷ್ಟ ಇತ್ತು?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ ಅಮ್ಮಾ. ಬಿಳಿ ಪಂಚೆ, ಬಿಳಿ ಬನಿಯನ್ ಕಣ್ಣಿಗೆ ಬಂತು, ಆದರೆ ಅದು ಇಷ್ಟವೋ, ಅಭ್ಯಾಸವೋ? ನಲವತ್ತನಾಲ್ಕು ವರ್ಷ ಅವರ ಮಗಳಾಗಿದ್ದು ಇಷ್ಟು ಕೇಳಿ ತಿಳಿದಿಲ್ಲ. ನಿನಗೆ ಗೊತ್ತಿರುತ್ತದೆ. ಹಾಗಾಗಿ ಬಣ್ಣದ ವಿಷಯ ನಿನಗೆ ಬಿಟ್ಟು ಹಸಿರನ್ನೇ ಹೆಚ್ಚು ತಂದೆ.

ದಿಬ್ಬದ ಬುಡದ ಸುತ್ತ ಜರಿಗಿಡ ಹಾಕಿದ್ದೇನೆ, ಅದನ್ನು ತೋಡಿನ ಬದಿಯಿಂದ ಮೋಕ್ಷಿತಾಳೇ ಕಿತ್ತು ತಂದದ್ದು. ತೋಡಿನ ಕಡೆ ತೇವ ಜಾಸ್ತಿ, ಅಲ್ಲಿಗೆ ಸುರುಳಿ ಸುಗಂಧಿ. ರಿಫಾ ಕೊಟ್ಟ ಗೆಡ್ಡೆ ಆಗಲೇ ಕುಡಿಯೊಡೆದಿದೆ. ಹಿಂಬದಿಗೆ ನಮ್ಮ ಗುಡ್ಡದ ಕೇಪುಳ. ನೆರಳಿನಲ್ಲಿ ಅದು ಹೂ ಸ್ವಲ್ಪ ಕಡಿಮೆ ಬಿಡುತ್ತದೆ, ಆದರೆ ಯಾರೂ ನೋಡದಿದ್ದರೂ ಬದುಕುವ ಗಿಡ. ಎದುರಿಗೆ ಎರಡು ಬಿಗೋನಿಯಾ, ಎಲೆಯ ಅಡಿ ಕೆಂಪಗೆ. ದೂಪೆಯ ನೆತ್ತಿ ಮಾತ್ರ ಖಾಲಿ ಇಟ್ಟಿದ್ದೇನೆ. ಅಲ್ಲಿ ಏನು ಎಂದು ನೀನೇ ಹೇಳಬೇಕು. ತುಳಸಿಯ ಹೊಸ ಸಸಿಯನ್ನು ಅಂಗಳದ ಬಿಸಿಲಿಗೆ ನೆಟ್ಟಿದ್ದೇನೆ, ಅದು ಅದರ ಜಾಗ.

ದಮಯಂತಿ ಅತ್ತೆ ಮೊನ್ನೆ ಬಂದು ನೋಡಿ, "ಇದೆಂಥದು, ಹೋಟೇಲಿನ ಎದುರಿನ ಹಾಗೆ?" ಎಂದರು. ಫೋಟೋ ತೋರಿಸಿದೆ. ಬಹಳ ಹೊತ್ತು ನೋಡಿ, "ನಾನು ಇಷ್ಟು ದಪ್ಪ ಕಾಣ್ತೇನಾ?" ಎಂದರು. ಆಮೇಲೆ ಕತ್ತೆತ್ತಿ ಕೊಂಬೆಗಳನ್ನು ನೋಡಿದರು. ಹೊರಡುವಾಗ ಮಾತ್ರ, ಜೋಯಿಸರಲ್ಲಿ ಪ್ರಶ್ನೆ ಇಡುವ, ಒಂದು ಸಲ ಕೇಳಿದರೆ ನಷ್ಟವಿಲ್ಲ ಎಂದರು. ನಷ್ಟ ಉಂಟು ಅತ್ತೆ, ಕೇಳುವುದೆಂದರೆ ಅಮ್ಮನ ತಪ್ಪು ಏನೋ ಉಂಟೆಂದು ನಾವು ಮೊದಲೇ ಒಪ್ಪಿದ ಹಾಗೆ ಎಂದೆ. ಪ್ರಶ್ನೆ ಕೇಳಲು ಈ ಮನೆಯಿಂದ ಯಾರೂ ಹೋಗುವುದಿಲ್ಲ, ಖರ್ಚಿಗೂ ಕೊಡುವುದಿಲ್ಲ ಎಂದೂ ಹೇಳಿದೆ. ಅವರು ಕಾಫಿ ಕುಡಿಯದೆ ಹೋದರು. ಇನ್ನೊಂದು ಸಲ ಕುಡಿಯುತ್ತಾರೆ.

ಹೂ ಮುಡಿಯುವುದು ಬಿಡುವುದು ನಿನ್ನ ಇಷ್ಟ. ಮುಡಿಯಲೇಬೇಕು ಎಂದು ನಾನೂ ಇನ್ನು ಹಟ ಮಾಡುವುದಿಲ್ಲ. ನಿನಗೆ ಬೇಡವಾದರೆ ಬೇಡ. ಆದರೆ ಬಿಸಿಲಿಲ್ಲದೆ ಸತ್ತ ಒಂದು ಗಿಡಕ್ಕೆ ಹೆದರಿ ನೀನು ನಿನ್ನ ಮನೆ ಬಿಟ್ಟು ಕೂರುವುದನ್ನು ನಾನು ಒಪ್ಪುವುದಿಲ್ಲ.

ಮಾವನಿಗೆ, ಅಲ್ಲಿಯ ಅತ್ತೆಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಕಾಲಿಗೆ ಇಲ್ಲಿಂದಲೇ ಕೈ ಮುಟ್ಟಿಸಿದ್ದೇನೆ, ನೋವಿರುವ ಮೊಣಕಾಲನ್ನು ಬಿಟ್ಟು.

ನಿನ್ನ ಮಗಳು,
ವೇದಾವತಿ

ಮರೆತದ್ದು: ಶುಕೂರ್ ಬ್ಯಾರಿಯವರ ಜೀಪು ಗೇಟಿನಲ್ಲಿ ಹಾರ್ನ್ ಹಾಕುತ್ತಾ ಉಂಟು, ಪತ್ರ ಅವರೇ ತರುತ್ತಾರೆ. ಬೇರೆ ಯಾರಾದರೂ ನಿನಗೆ ಫೋನ್ ಮಾಡಿ ಹೇಳುವ ಮೊದಲು ನಾನೇ ಹೇಳುತ್ತೇನೆ. ಇವತ್ತು ಬೆಳಿಗ್ಗೆ ಬಿಗೋನಿಯಾ ಒಂದು ಬೇರು ಮೇಲಾಗಿ ಸತ್ತು ಬಿದ್ದಿತ್ತು. ಕೆದಕಿದ್ದು ನಮ್ಮ ಹೇಂಟೆ ಕೋಳಿ. ಕೋಳಿಯೇ, ನಾನು ಕಣ್ಣಾರೆ ನೋಡಿದ್ದೇನೆ. ಮುಂದೆಯೂ ಒಂದೊಂದು ಸಾಯುತ್ತದೆ ಅಮ್ಮಾ, ಸತ್ತಲ್ಲಿಗೆ ಬೇರೆ ನೆಡುವ. ಭಾನುವಾರ ತಿಂಡಿಯ ಹೊತ್ತಿಗೆ ಇದೇ ಜೀಪಿನಲ್ಲಿ ನಾನು ಬರ್ತೇನೆ. ಬಟ್ಟೆ ಕಟ್ಟಿ ಇಟ್ಟಿರು.