ಫೋನಿನಲ್ಲಿ ‘ಪರವಾಗಿಲ್ಲ’ ಅನ್ನಬೇಡಿ

ರೀ,

ನನಗೆ ಆಸ್ಪತ್ರೆಯಲ್ಲಿ ಬೆಳಗಿನ ಪಾಳಿ. ನೀವು ಗೊರಕೆ ಹೊಡೀತಿದ್ರಿ, ಎಬ್ಬಿಸೋಕೆ ಮನಸ್ಸು ಬರಲಿಲ್ಲ.

ಬಿರುಗಾಳಿ ಅಂತ ನಾಳೆಯ ನಮ್ಮ ವಿಮಾನ ರದ್ದು ಮಾಡಿದ್ದಾರೆ. ಹತ್ತು ಗಂಟೆಗೆ ವಿಮಾನದವರ ಆಫೀಸಿನಿಂದ ಫೋನ್ ಬರುತ್ತೆ. ‘ನಿಮ್ಮದು ದುಡ್ಡು ವಾಪಸ್ ಇಲ್ಲದ ಟಿಕೆಟ್’ ಅಂತಾರೆ, ಹೂಂ ಅಂದುಬಿಡಬೇಡಿ. ನಾವಾಗಿ ಬೇಡ ಅಂದಿದ್ರೆ ಆ ಮಾತು ಸರಿ. ವಿಮಾನ ನಿಲ್ಲಿಸಿದ್ದು ಅವರು, ಪೂರ್ತಿ ದುಡ್ಡು ಕೊಡಲಿ. ದುಡ್ಡಿನ ಬದಲು ಕೂಪನ್ ಕೊಡ್ತೀವಿ ಅಂದ್ರೂ ಬೇಡ ಅನ್ನಿ.

ದಮ್ಮಯ್ಯ, ‘ಪರವಾಗಿಲ್ಲ ಬಿಡಮ್ಮ’ ಮಾತ್ರ ಅನ್ನಬೇಡಿ. ಫ್ರಿಜ್ ಕೆಟ್ಟಾಗ ಕಂಪನಿ ಹುಡುಗಿ ಒಂದು ಸಲ ‘ಸಾರಿ ಅಂಕಲ್’ ಅಂದಿದ್ದಕ್ಕೆ ಬೆಣ್ಣೆ ಹಾಗೆ ಕರಗಿ, ‘ಊಟ ಆಯ್ತಾ’ ಅಂತ ಅವಳನ್ನೇ ವಿಚಾರಿಸಿ ಫೋನ್ ಇಟ್ಟವರು ನೀವು. ಆ ಫ್ರಿಜ್ ಇವತ್ತಿಗೂ ಬಟ್ಟೆ ಬೀರು. ಹಾಲು ತಣ್ಣೀರಿನ ಪಾತ್ರೆಯಲ್ಲಿದೆ, ಒಡೆಯೋ ಮುಂಚೆ ಕಾಯಿಸಿಕೊಳ್ಳಿ.

ಈ ದುಡ್ಡು ಬಂದ್ರೇನೇ ಮುಂದಿನ ತಿಂಗಳಾದ್ರೂ ನಿಮ್ಮಕ್ಕನ ಹತ್ರ ಹೋಗೋಕಾಗೋದು. ಕಣ್ಣಿನ ಆಪರೇಷನ್ ಆದಾಗಿನಿಂದ ‘ತಮ್ಮನ ಮುಖ ನೋಡ್ಬೇಕು’ ಅಂತ ಕಾಯ್ತಿದ್ದಾರೆ, ಪಾಪ.

ಇನ್ನೊಂದು ಮಾತು, ಎದುರಿಗೆ ಹೇಳೋಕೆ ಬಾಯಿ ಬರಲಿಲ್ಲ. ‘ನಾಲ್ಕು ಕಾಸು ಹೆಚ್ಚಾದ್ರೂ ದುಡ್ಡು ವಾಪಸ್ ಸಿಗೋ ಟಿಕೆಟ್ಟೇ ತಗೋ’ ಅಂತ ನೀವು ಬಡ್ಕೊಂಡಿದ್ರಿ. ಹೂಂ ಹೂಂ ಅಂದು ಅಗ್ಗದ್ದು ತಗೊಂಡವಳು ನಾನೇ. ‘ವಾಪಸ್ ಇಲ್ಲದ ಟಿಕೆಟ್ ಹೇಗೆ ಬಂತು’ ಅಂತ ನಿನ್ನೆಯೆಲ್ಲಾ ನೀವು ತಲೆ ಕೆರ್ಕೊಳ್ತಿದ್ರೆ, ಕಲ್ಲಿನ ಹಾಗೆ ಕೂತಿದ್ದೆ.

ಆ ನಿಮ್ಮ ‘ಪರವಾಗಿಲ್ಲ’ ಇದೆಯಲ್ಲ, ಅದನ್ನ ಫೋನಿಗೆ ಖರ್ಚು ಮಾಡ್ದೆ ಇಟ್ಟಿರಿ. ಸಂಜೆ ಬಂದಾಗ ನನಗೆ ಬೇಕು.