ನನ್ನ ಮನಸ್ಸು ವಾಲಿಲ್ಲವಂತೆ

ಪುರವರ
ತಾ. 18-6-1958

ಪ್ರೀತಿಯ ಅಣ್ಣಯ್ಯನಿಗೆ ಓಬಳಮ್ಮನ ನಮಸ್ಕಾರ.

ಪಾವಗಡದ ಬಿಸಿಲಿಗೆ ನಿನ್ನ ತಲೆನೋವು ಹೆಚ್ಚಿಲ್ಲ ತಾನೆ? ಅತ್ತಿಗೆಗೆ ಏಳು ತಿಂಗಳು ತುಂಬಿತು, ನೀರಿನ ಬಿಂದಿಗೆ ಹೊರಲು ಬಿಡಬೇಡ. ಅಪ್ಪ ಚೆನ್ನಾಗಿದ್ದಾರೆ. ನಾನು ಚೆನ್ನಾಗಿಲ್ಲ.

ನೀನು ಅಲ್ಲಿನ ಶಾಲೆಗೆ ಮೇಷ್ಟರಾಗಿ ಹೋದ ಮೇಲೆ ಊರಿಗೆ ಬರುವ ಇಂಗ್ಲಿಷ್ ಕಾಗದಗಳನ್ನೆಲ್ಲ ನಮ್ಮ ಜಗಲಿಗೆ ತಂದು ನನ್ನಿಂದಲೇ ಓದಿಸುತ್ತಾರೆ. ಸೋಮವಾರ ಅಪ್ಪನ ಹೆಸರಿಗೇ ಒಂದು ಬಂತು, ಟ್ರೈನಿಂಗ್ ಶಾಲೆಯಿಂದ. ಅಡವಯ್ಯ, ಶಂಕರಲಿಂಗಪ್ಪ ಎಲ್ಲ ಕೂತಿದ್ದರು. "ಜೋರಾಗ್ ಓದವ್ವ, ಮೇಷ್ಟ್ರಮ್ಮ ಆಗೋಳು ನೀನು" ಎಂದರು ಅಪ್ಪ. ಕಾಗದದಲ್ಲಿದ್ದದ್ದು ಇಷ್ಟು: ನಿಮ್ಮ ಮಗಳು ತರಬೇತಿಗೆ ಬರಲು ಇನ್‌ಕ್ಲೈನ್ಡ್ ಅಲ್ಲವೆಂದು ನಿಮ್ಮ ಮಗ ಬರೆದಿರುವುದರಿಂದ ಆಕೆಯ ಜಾಗವನ್ನು ಬೇರೆಯವರಿಗೆ ಕೊಟ್ಟಿದ್ದೇವೆ.

ಆ ಇನ್‌ಕ್ಲೈನ್ಡ್ ಎಂಬ ಪದವನ್ನು ನೀನೇ ಕಲಿಸಿದ್ದೆ. ರಸ್ತೆಯ ಇಳಿಜಾರೂ ಇನ್‌ಕ್ಲೈನ್, ಮನಸ್ಸು ಒಂದು ಕಡೆಗೆ ವಾಲಿದರೂ ಅದೇ ಪದ. ಲ್ಯಾಟಿನ್ನಿನಿಂದ ಬಂದದ್ದು, ಬೇರಿನಲ್ಲಿರುವುದು ಒರಗುವುದು ಎಂಬ ಅರ್ಥ. ಒರಗು ಎನ್ನುವ ಇಂಗ್ಲಿಷಿನ ಲೀನ್ ಅದರ ದಾಯಾದಿ. ಗೋಡೆಗೆ ಒರಗಿಸುವ ಲ್ಯಾಡರ್ ಕೂಡ ಅದೇ ವಂಶ. ರೋಗಿ ಒರಗುವ ಹಾಸಿಗೆಯಿಂದ ಕ್ಲಿನಿಕ್ ಬಂತು. ಹಿತ್ತಲಿನ ಏಣಿಯ ಮೇಲೆ ನನ್ನನ್ನು ಕೂರಿಸಿ, ಒಂದೊಂದು ಅರ್ಥ ಒಪ್ಪಿಸಿದ ಮೇಲೇ ಕೆಳಗಿಳಿಸುತ್ತಿದ್ದೆ. ದೊಡ್ಡ ಪಂಡಿತ ನೀನು. ಅದೇ ಪದದಲ್ಲಿ ಸುಳ್ಳು ಬರೆಯುವಾಗ ನಿನಗೆ ಕೈ ಹೇಗೆ ಬಂತು?

ಅತ್ತಿಗೆಯ ತಮ್ಮ ಚೌಡಯ್ಯನಿಗೆ ನನ್ನನ್ನು ಕೊಡುವುದಾಗಿ ನೀನು ಮಾತು ಕೊಟ್ಟಿದ್ದೀಯಂತೆ. ತರಬೇತಿ ಮುಗಿಯುವ ಎರಡು ವರ್ಷ ಅವರ ಮನೆಯವರು ಕಾಯುವುದಿಲ್ಲವಂತೆ. ಕಾಗದ ಬರುವ ಮೊದಲೇ ಲಕ್ಕಮ್ಮತ್ತೆ ಇದನ್ನು ಹೇಳಿದಾಗ ನಾನು ಅವರ ಮೇಲೇ ರೇಗಿದ್ದೆ, ನಮ್ಮಣ್ಣ ಅಂಥವನಲ್ಲ ಎಂದು. ನೀನು ಬೇಡ ಎಂದಿದ್ದರೆ ಜಗಳವಾಡಿ, ಅತ್ತು, ಸುಮ್ಮನಾಗುತ್ತಿದ್ದೆನೇನೋ. ನೀನು ನನ್ನ ಬಾಯಿಂದಲೇ ಬೇಡ ಅನ್ನಿಸಿದೆ. ಅದನ್ನು ನಾನು ಮರೆಯುವುದಿಲ್ಲ.

ಅತ್ತಿಗೆಗೆ ನನ್ನ ನೆನಪು ತಿಳಿಸು. ಹುಟ್ಟುವ ಮಗು ಸುಖವಾಗಿರಲಿ.

ನಿನ್ನ ತಂಗಿ,
ಓಬಳಮ್ಮ

ಮರೆತಿದ್ದೆ: ಕಾಗದದ ಆ ಸಾಲನ್ನು ನಾನು ಜೋರಾಗಿ ಓದಲಿಲ್ಲ. ಅಷ್ಟು ಜನರೆದುರು ನಿನ್ನ ಮಾನ ಹೋಗಬಾರದೆಂದು, ಜಾಗ ಭರ್ತಿಯಾಗಿದೆಯಂತೆ ಎಂದುಬಿಟ್ಟೆ. ಅಪ್ಪನಿಗೆ ನಂಬಿಕೆ ಬಂದಿಲ್ಲ. "ಇವ್ಳು ತಪ್ಪಾಗ್ ಓದವ್ಳೆ, ನನ್ ಮಗ ಓದಿದ್ರೆ ಇದ್ದುದ್ದು ಇದ್ದಂಗೆ ಯೋಳ್ತಾನೆ" ಎಂದು ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ಶನಿವಾರದ ಬಸ್ಸಿಗೆ ನಿನ್ನಲ್ಲಿಗೆ ಬರುತ್ತಿದ್ದಾರೆ.